ಮೊದಲ ಜೀವದ ಲೆಕ್ಕವನ್ನು ಡಾರ್ವಿನ್ ತಲೆಗೆ ಕಟ್ಟಬೇಡಿ

ಜೀವವಿಕಾಸದ ಮಾತೆತ್ತಿದರೆ ಸಾಕು, ಸಭೆಯಲ್ಲಿ ಯಾರಾದರೊಬ್ಬರು ಎದ್ದು ಕೇಳುತ್ತಾರೆ: "ಅದೆಲ್ಲ ಸರಿ, ಮೊದಲ ಜೀವ ಎಲ್ಲಿಂದ ಬಂತು?" ಉತ್ತರಿಸುವವರು ಕೊಂಚ ತಡವರಿಸಿದರೆ ಡಾರ್ವಿನ್ ಸೋತನೆಂದು ತೀರ್ಪು ಹೊರಬೀಳುತ್ತದೆ. ಪ್ರಶ್ನೆ ದೊಡ್ಡದು, ಕೇಳಲೇಬೇಕಾದದ್ದು. ಆದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವಾದ.

1859ರ ಡಾರ್ವಿನ್ ಪುಸ್ತಕದ ವಿಷಯ ಪ್ರಭೇದಗಳ ಉಗಮ. ಜೀವಿಗಳು ಆಗಲೇ ಇವೆ, ಮರಿ ಹಾಕುತ್ತಿವೆ, ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಮುಂದೇನಾಗುತ್ತದೆ ಎಂಬುದಷ್ಟೇ ಅಲ್ಲಿನ ವಿಚಾರ.

ಮುಂದೇನಾಗುತ್ತದೆ ಎಂಬುದನ್ನು ಹತ್ತಿ ಬೆಳೆಯುವವರು ಕಣ್ಣಾರೆ ಕಂಡಿದ್ದಾರೆ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಕಾಯನ್ನು ಒಡೆದರೆ ಒಳಗೆ ಕಲೆಗಟ್ಟಿದ ಅರಳೆ, ಕೊರೆದ ಬೀಜ, ನಸುಗೆಂಪಿನ ಒಂದು ಹುಳು. ಅದೇ ಗುಲಾಬಿ ಕಾಯಿಕೊರಕ. 2002ರಲ್ಲಿ ಭಾರತಕ್ಕೆ ಹುಳು ಕೊಲ್ಲುವ ವಿಷವನ್ನು ತನ್ನೊಳಗೇ ತಯಾರಿಸುವ ಬಿಟಿ ಹತ್ತಿ ಬಂದಾಗ ಅದನ್ನು ತಿಂದ ಕಾಯಿಕೊರಕಗಳು ಸಾಯುತ್ತಿದ್ದವು. ಎಲ್ಲೋ ಕೆಲವು ಸಾಯಲಿಲ್ಲ. ಅವುಗಳ ಕರುಳಿನಲ್ಲಿ ಆ ವಿಷ ಅಂಟುವ ಜಾಗವೇ ಕೊಂಚ ಬದಲಾಗಿತ್ತು. ಉಳಿದವೇ ಮೊಟ್ಟೆಯಿಟ್ಟವು, ಅವುಗಳ ಸಂತಾನವೇ ಹೊಲ ತುಂಬಿತು. 2010ರ ಹೊತ್ತಿಗೆ ಬಿಟಿಗೆ ಬಗ್ಗದ ಹುಳು ಗುಜರಾತಿನಲ್ಲಿ ವರದಿಯಾಯಿತು. ಆಮೇಲೆ ಎರಡು ಬಿಟಿ ಜೀನ್‌ಗಳ ಹತ್ತಿಯೂ ಅದರ ಮುಂದೆ ಸೋತಿತು. ಭೂಮಿಯ ಮೇಲಿನ ಮೊದಲ ಕೋಶ ಹೇಗೆ ಹುಟ್ಟಿತೆಂದು ಗೊತ್ತಾಗುವವರೆಗೆ ಈ ಹುಳು ಕಾಯಲಿಲ್ಲ.

ಮೊದಲ ಕೋಶದ ಪ್ರಶ್ನೆ ರಸಾಯನಶಾಸ್ತ್ರದ್ದು. 1920ರ ದಶಕದಲ್ಲಿ ಒಪಾರಿನ್, ಹಾಲ್ಡೇನ್ ಎಂಬ ವಿಜ್ಞಾನಿಗಳು ಅದಕ್ಕೆ ದಾರಿ ತೋರಿದರು. 1953ರಲ್ಲಿ ಮಿಲ್ಲರ್ ಮತ್ತು ಯೂರಿ ನೀರಾವಿ, ಮೀಥೇನ್, ಅಮೋನಿಯಾ, ಹೈಡ್ರೋಜನ್‌ಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದರು. ಅಲ್ಲಿಂದ ಜೀವಕೋಶಕ್ಕೆ ಇನ್ನೂ ಬಹುದೂರ. ಪೂರ್ತಿ ಉತ್ತರ ಇಂದಿಗೂ ಸಿಕ್ಕಿಲ್ಲ. ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಅಣು ಹುಟ್ಟಿದ ಗಳಿಗೆಯಿಂದ ಕಾಯಿಕೊರಕದಲ್ಲಿ ಕಂಡಂಥ ಆಯ್ಕೆಯೂ ಶುರುವಾಗಿರಬೇಕು, ಎರಡು ಪ್ರಶ್ನೆಗಳ ನಡುವಿನ ಗಡಿ ಅಲ್ಲಿ ಮಸುಕಾಗುತ್ತದೆ, ನಿಜ. ಇದನ್ನು ಮೇಷ್ಟರು ಮಕ್ಕಳೆದುರು ಅಂಜದೆ ಹೇಳಲಿ. ಒಂದರ ಉತ್ತರ ಬಾಕಿಯಿದೆಯೆಂದು ಇನ್ನೊಂದರ ಪುರಾವೆ ಸುಳ್ಳಾಗದು.

2018ರಲ್ಲಿ ಕೇಂದ್ರದ ಅಂದಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತವೇ ತಪ್ಪೆಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಆದರೂ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಪಾಠ ಹೋಯಿತು, 'ಅನುವಂಶೀಯತೆ' ಮಾತ್ರ ಉಳಿಯಿತು. ಜೀವದ ಉಗಮದ ಪುಟ್ಟ ಟಿಪ್ಪಣಿಯೂ ಅದರೊಂದಿಗೇ ಹೋಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು.

ಹನ್ನೆರಡನೇ ತರಗತಿಯಲ್ಲಿ ವಿಕಾಸದ ಪಾಠ ಇದೆಯಲ್ಲ ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಹತ್ತರ ನಂತರ ಜೀವಶಾಸ್ತ್ರ ಬಿಡುವ ಮಗು ಅದನ್ನು ಓದುವುದೇ ಇಲ್ಲ. ಓದುವ ಮಗುವಿಗೂ ಆ ಪುಸ್ತಕ ವಿಕಾಸದ ಅಧ್ಯಾಯವನ್ನು ಜೀವದ ಉಗಮದಿಂದಲೇ ಆರಂಭಿಸಿ ಗೊಂದಲ ಬಿತ್ತುತ್ತದೆ. ಪಾಠವನ್ನು ಹತ್ತನೇ ತರಗತಿಗೆ ಮರಳಿಸಿ, ಎರಡು ಬೇರೆ ಅಧ್ಯಾಯಗಳಾಗಿ ಮರಳಿಸಿ.