ಒಂದು ಹಂಗಾಮಿನ ತೀರ್ಪು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟಕ್ಕಿರುವ ಸ್ಥಾನವು ಭಾರತದಲ್ಲಿ ಕ್ರಿಕೆಟ್ಟಿಗಿರುವಂಥದು. ವಸಂತದಲ್ಲಿ ಮೊದಲಾಗುವ ಆಟದ ಹಂಗಾಮು ಶರತ್ಕಾಲದವರೆಗೆ ನಡೆಯುತ್ತದೆ. ಆರು ತಿಂಗಳ ಈ ಅವಧಿಯಲ್ಲಿ ಪ್ರತಿಯೊಂದು ತಂಡವೂ 162 ಪಂದ್ಯಗಳನ್ನು ಆಡಬೇಕು. ಇಂದು ಸೋತ ತಂಡವು ನಾಳೆಯೇ ಮತ್ತೆ ಅಂಗಳಕ್ಕೆ ಇಳಿಯಬೇಕಾಗುತ್ತದೆ; ಸೋಲಿಗಾಗಿ ಮರುಗುತ್ತ ಕೂರುವುದಕ್ಕೂ ಅಲ್ಲಿ ಬಿಡುವಿಲ್ಲ.

ಇಂಥ ಆಟದಲ್ಲಿ ಮ್ಯಾನೇಜರ್ ಎಂಬವನ ಪಾಡು ವಿಚಿತ್ರವಾದುದು. ಕ್ರಿಕೆಟ್ಟಿನಲ್ಲಿ ನಾಯಕನು ಅಂಗಳದೊಳಗಿದ್ದು ಮಾಡುವ ಕೆಲಸವನ್ನು ಬೇಸ್‌ಬಾಲಿನಲ್ಲಿ ಮ್ಯಾನೇಜರನು ಅಂಗಳದ ಅಂಚಿನಲ್ಲಿ ಕುಳಿತು ಮಾಡುತ್ತಾನೆ. ಯಾರು ಯಾವ ಕ್ರಮದಲ್ಲಿ ಬ್ಯಾಟು ಹಿಡಿಯಬೇಕು, ಚೆಂಡೆಸೆಯುವ ಪಿಚರ್ ದಣಿದಾಗ ಅವನ ಜಾಗಕ್ಕೆ ಯಾರು ಬರಬೇಕು ಎಂಬುದನ್ನೆಲ್ಲ ಅವನೇ ನಿರ್ಧರಿಸಬೇಕು. ಅವನು ಆಟಗಾರರಂತೆ ತಂಡದ ಉಡುಪನ್ನೇ ತೊಟ್ಟಿರುತ್ತಾನೆ. ಆದರೆ ಒಂದು ಚೆಂಡನ್ನೂ ಹೊಡೆಯುವಂತಿಲ್ಲ. ಆಟಗಾರರನ್ನು ಕೊಳ್ಳುವ, ಬಿಟ್ಟುಕೊಡುವ ಅಧಿಕಾರವು ಬೇರೆಯವರ ಕೈಯಲ್ಲಿರುತ್ತದೆ. ದಿನಸಿ ತರಿಸುವ ಹಕ್ಕು ಅಡಿಗೆಯವನಿಗಿಲ್ಲ. ಅಡಿಗೆ ಕೆಟ್ಟರೆ ಬೈಗುಳ ಮಾತ್ರ ಅವನ ಪಾಲಿಗೆ!

ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿ ನಗರದ ರಾಯಲ್ಸ್ ತಂಡವು 1985ರಲ್ಲಿ ವಿಶ್ವ ಸರಣಿಯನ್ನು ಗೆದ್ದು ಮೆರೆದಿತ್ತು. ಆಮೇಲೆ ಅದರ ಭಾಗ್ಯ ಇಳಿಮುಖವಾಯಿತು. 2002ರ ಮೇ ತಿಂಗಳಿನಲ್ಲಿ ಟೋನಿ ಪೆನ್ಯಾ ಎಂಬವರು ಅದರ ಮ್ಯಾನೇಜರಾಗಿ ಬಂದರು. ಇವರು ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದವರು. ಹದಿನೆಂಟು ಹಂಗಾಮುಗಳ ಕಾಲ ಬ್ಯಾಟುಗಾರನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಆಗಿ ಹೆಸರು ಪಡೆದವರು. ಆ ವರ್ಷ ರಾಯಲ್ಸ್ ತಂಡವು ಸರಿಯಾಗಿ 100 ಪಂದ್ಯಗಳನ್ನು ಸೋತಿತು. ತಂಡದ ಚರಿತ್ರೆಯಲ್ಲಿ ಸೋಲು ಮೂರಂಕಿ ಮುಟ್ಟಿದ್ದು ಅದೇ ಮೊದಲು.

ಮರುವರ್ಷ ಪೆನ್ಯಾ ಅವರು ಆಟಗಾರರಿಗೆಲ್ಲ ಒಂದೊಂದು ಅಂಗಿಯನ್ನು ಹಂಚಿದರು. ಅದರ ಮೇಲೆ 'ನಾವು ನಂಬುತ್ತೇವೆ' ಎಂಬರ್ಥದ ಸ್ಪ್ಯಾನಿಷ್ ಮಾತು ಅಚ್ಚಾಗಿತ್ತು. ನೋಡಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ 2003ರ ಹಂಗಾಮಿನ ಮೊದಲ ಒಂಬತ್ತು ಪಂದ್ಯಗಳನ್ನೂ ತಂಡ ಗೆದ್ದುಬಿಟ್ಟಿತು! ಹಂಗಾಮಿನ ನಡುವಿನ ಬಿಡುವಿನ ಹೊತ್ತಿಗೆ ಅದು ತನ್ನ ವಿಭಾಗದಲ್ಲಿ ಏಳು ಪಂದ್ಯಗಳಷ್ಟು ಮುಂದಿತ್ತು. ಆ ವೇಗ ಕೊನೆಯವರೆಗೆ ಉಳಿಯಲಿಲ್ಲ. ತಂಡವು 83 ಪಂದ್ಯಗಳನ್ನು ಗೆದ್ದು, 79ನ್ನು ಸೋತು, ವಿಭಾಗದಲ್ಲಿ ಮೂರನೆಯ ಸ್ಥಾನಕ್ಕೆ ಇಳಿಯಿತು. ಆದರೂ ಸೋಲಿಗಿಂತ ಗೆಲುವು ಹೆಚ್ಚಾದ ಹಂಗಾಮನ್ನು ಆ ಊರು 1994ರ ಬಳಿಕ ಕಂಡಿರಲಿಲ್ಲ. ಪೆನ್ಯಾ ಅವರಿಗೆ ಅಮೆರಿಕನ್ ಲೀಗಿನ ವರ್ಷದ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಸಂದಿತು. ಅವರ ತಂಡದವರೇ ಆದ ಏಂಜೆಲ್ ಬೆರೋವಾ ಅವರು ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಗೌರವಕ್ಕೆ ಪಾತ್ರರಾದರು. ಮೊದಲನೆಯ ಪ್ರಶಸ್ತಿಯ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಎರಡನೆಯದರ ಬಗ್ಗೆ ಎದ್ದ ವಾದವಿವಾದವು ಬಹುಕಾಲ ತಣಿಯಲಿಲ್ಲ.

ಬೆರೋವಾ ಅವರ ಎದುರಾಳಿ ಸಾಮಾನ್ಯರಾಗಿರಲಿಲ್ಲ. ಜಪಾನಿನ ಹಿಡೆಕಿ ಮತ್ಸುಯಿ ಅವರು ಆ ವರ್ಷವೇ ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು ಸೇರಿದ್ದರು. ಇಬ್ಬರ ಬ್ಯಾಟಿಂಗ್ ಸರಾಸರಿಯೂ ಒಂದೇ: ಸಾವಿರಕ್ಕೆ 287. ಅಂಗಳದಾಚೆಗೆ ಚೆಂಡನ್ನು ಅಟ್ಟುವ ಹೋಮ್ ರನ್‌ಗಳನ್ನು ಬೆರೋವಾ 17 ಹೊಡೆದರೆ ಮತ್ಸುಯಿ 16 ಹೊಡೆದಿದ್ದರು. ಮತ್ಸುಯಿ ಅವರ ಹೊಡೆತಗಳಿಂದ ತಂಡಕ್ಕೆ 106 ರನ್ ಬಂದಿದ್ದವು. ಬೆರೋವಾ ಅವರಿಂದ 73. ಆದರೆ ಬೆರೋವಾ ಅವರು ಎದುರಾಳಿಯ ಕಣ್ಣು ತಪ್ಪಿಸಿ ಓಡಿ 21 ಬಾರಿ ಮುಂದಿನ ಬೇಸನ್ನು ಕದ್ದಿದ್ದರು. ಅವರು ಕಾಯುತ್ತಿದ್ದ ಶಾರ್ಟ್‌ಸ್ಟಾಪ್ ಎಂಬ ಜಾಗವೂ ಅಂಗಳದಲ್ಲಿ ಅತ್ಯಂತ ಕಠಿನವಾದುದು. ತಕ್ಕಡಿಯಲ್ಲಿಟ್ಟು ತೂಗಿದರೆ ಮುಳ್ಳು ಎತ್ತ ವಾಲೀತೆಂದು ಹೇಳುವುದು ಕಷ್ಟ. ಪ್ರಶಸ್ತಿ ಬೆರೋವಾ ಅವರಿಗೆ ಸಂದುದರಲ್ಲಿ ಅನ್ಯಾಯವೇನೂ ಇಲ್ಲ. ಅನ್ಯಾಯವಿದ್ದುದು ಅದು ಸಂದ ಬಗೆಯಲ್ಲಿ.

ಈ ಪ್ರಶಸ್ತಿಗೆ ಮತ ಕೊಡುವವರು ಕ್ರೀಡಾ ಬರಹಗಾರರು. ಲೀಗಿನ ಪ್ರತಿಯೊಂದು ನಗರದಿಂದ ಇಬ್ಬರಂತೆ ಆ ವರ್ಷ 28 ಮಂದಿ ಇದ್ದರು. ಆಗ ಪ್ರತಿಯೊಬ್ಬರೂ ಮೂವರು ಹೊಸಬರ ಹೆಸರನ್ನು ಕ್ರಮವಾಗಿ ಬರೆಯಬೇಕಾಗಿತ್ತು. ಮೊದಲ ಹೆಸರಿಗೆ ಐದು ಅಂಕ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು ಸಿಗುತ್ತಿತ್ತು. ಎಣಿಕೆಯಾದಾಗ ಬೆರೋವಾ ಅವರಿಗೆ 88 ಅಂಕಗಳೂ ಮತ್ಸುಯಿ ಅವರಿಗೆ 84 ಅಂಕಗಳೂ ಬಂದಿದ್ದವು. ಇಬ್ಬರು ಬರಹಗಾರರು ಮತ್ಸುಯಿ ಅವರ ಹೆಸರನ್ನು ಪಟ್ಟಿಯಲ್ಲಿ ಎಲ್ಲಿಯೂ ಬರೆದಿರಲೇ ಇಲ್ಲ. ಜಪಾನಿನಲ್ಲಿ ಹತ್ತು ಹಂಗಾಮು ಆಡಿ ಬಂದವರನ್ನು ಹೊಸಬರೆಂದು ಕರೆಯುವುದು ಸರಿಯಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಇಬ್ಬರೂ ಮತ್ಸುಯಿ ಅವರಿಗೆ ಎರಡನೆಯ ಸ್ಥಾನವನ್ನಾದರೂ ಕೊಟ್ಟಿದ್ದರೆ ಅವರ ಅಂಕಗಳು 90 ಆಗಿ ಪ್ರಶಸ್ತಿಯೇ ಕೈ ಬದಲಾಗುತ್ತಿತ್ತು. ಒಬ್ಬರು ಎರಡನೆಯ ಸ್ಥಾನವನ್ನೂ ಇನ್ನೊಬ್ಬರು ಮೂರನೆಯ ಸ್ಥಾನವನ್ನೂ ಕೊಟ್ಟಿದ್ದರೆ ಇಬ್ಬರು ಆಟಗಾರರೂ ಸಮನಾಗುತ್ತಿದ್ದರು. ಯಾಂಕೀಸ್ ತಂಡದ ಒಡೆಯರು ಬಹಿರಂಗವಾಗಿಯೇ ಸಿಡಿದರು.

ಆ ಬರಹಗಾರರ ವಾದವು ಮೇಲುನೋಟಕ್ಕೆ ಹುರುಳುಳ್ಳದ್ದೇ. ಯೊಮಿಯುರಿ ಜೈಂಟ್ಸ್ ತಂಡಕ್ಕಾಗಿ 332 ಹೋಮ್ ರನ್‌ಗಳನ್ನು ಹೊಡೆದು, ಮೂರು ಬಾರಿ ಅಲ್ಲಿನ ಲೀಗಿನ ಅತ್ಯುತ್ತಮ ಆಟಗಾರನೆನಿಸಿ, ಇಪ್ಪತ್ತೆಂಟು ದಾಟಿದ ಮೇಲೆ ಬಂದವರನ್ನು ಅಳುಕುತ್ತ ಮೊದಲ ಹೆಜ್ಜೆಯಿಡುವ ಹುಡುಗರ ಸಾಲಿನಲ್ಲಿ ನಿಲ್ಲಿಸುವುದು ಹೇಗೆ? ಆದರೆ ಹೊಸಬನೆಂದರೆ ಯಾರು ಎಂಬುದನ್ನು ನಿಯಮವು ಸ್ಪಷ್ಟವಾಗಿ ಹೇಳಿದೆ. ಬ್ಯಾಟುಗಾರನಾದರೆ ಹಿಂದಿನ ವರ್ಷಗಳಲ್ಲಿ ದೊಡ್ಡ ಲೀಗಿನಲ್ಲಿ 130ಕ್ಕಿಂತ ಹೆಚ್ಚು ಬಾರಿ ಬ್ಯಾಟು ಮಾಡಿರಬಾರದು. ಬೇರೆ ದೇಶದ ಆಟದ ಮಾತು ಅದರಲ್ಲಿಲ್ಲ. ಬೆರೋವಾ ಅವರು 2001ರಲ್ಲಿಯೂ 2002ರಲ್ಲಿಯೂ ರಾಯಲ್ಸ್ ಪರವಾಗಿ ಕೆಲವು ಪಂದ್ಯಗಳನ್ನು ಆಡಿದ್ದರು. ಲೆಕ್ಕ ಆ ಗಡಿಯೊಳಗೇ ಇದ್ದುದರಿಂದ ಅವರು ಹೊಸಬರೆನಿಸಿದರು. ಆ ಲೀಗಿನ ಅಂಗಳಕ್ಕೆ ಅದುವರೆಗೆ ಕಾಲಿಡದ ಮತ್ಸುಯಿ ಹಳಬರು, ಎರಡು ವರ್ಷ ಕಾಲಿಟ್ಟುಹೋದ ಬೆರೋವಾ ಹೊಸಬರು! ನಿಯಮವನ್ನು ಬದಿಗಿಟ್ಟು ಅಂತರಂಗದ ಮಾತನ್ನೇ ಕೇಳುವುದಾದರೆ ಎರಡು ಕಡೆಗೂ ಕೇಳಬೇಕಾಗಿತ್ತು.

ಜಪಾನಿನಿಂದ ಬಂದವರಲ್ಲಿ ಮತ್ಸುಯಿ ಅವರೇ ಮೊದಲಿಗರೂ ಅಲ್ಲ. 1995ರಲ್ಲಿ ಹಿಡಿಯೊ ನೊಮೊ, 2000ದಲ್ಲಿ ಕಜುಹಿರೊ ಸಸಾಕಿ, 2001ರಲ್ಲಿ ಇಚಿರೊ ಸುಜುಕಿ ಇದೇ ಪ್ರಶಸ್ತಿಯನ್ನು ಪಡೆದಿದ್ದರು. ಇದಕ್ಕಿಂತ ಹಿರಿದಾದ ಉತ್ತರ ಪ್ರಶಸ್ತಿಯ ಹೆಸರಿನಲ್ಲೇ ಇದೆ. 1987ರಿಂದ ಅದಕ್ಕೆ ಜಾಕಿ ರಾಬಿನ್ಸನ್ ಅವರ ಹೆಸರನ್ನಿಡಲಾಗಿದೆ. 1947ರವರೆಗೆ ಅಮೆರಿಕದ ದೊಡ್ಡ ಲೀಗುಗಳು ಕರಿಯ ಆಟಗಾರರನ್ನು ದಶಕಗಳ ಕಾಲ ಹೊರಗಿಟ್ಟಿದ್ದವು. ಅವರು ತಮ್ಮದೇ ಆದ ಬೇರೆ ಲೀಗುಗಳಲ್ಲಿ ಆಡಬೇಕಾಗಿತ್ತು. ಆ ಗೋಡೆಯನ್ನು ಒಡೆದು ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆಡಿದ ರಾಬಿನ್ಸನ್ ಅವರಿಗೆ ಮೊತ್ತಮೊದಲ ಹೊಸಬನ ಪ್ರಶಸ್ತಿ ಬಂದಿತು. ಆಗ ಅವರಿಗೂ ಇಪ್ಪತ್ತೆಂಟು ವರ್ಷ. ಅವರೂ ಅದಕ್ಕೆ ಮುಂಚೆ, 1945ರಲ್ಲಿ, ಕರಿಯರ ಲೀಗಿನ ಹೆಸರಾಂತ ತಂಡವೊಂದರಲ್ಲಿ ಆಡಿದ್ದರು. ಆ ತಂಡ ಕ್ಯಾನ್ಸಸ್ ಸಿಟಿಯ ಮೊನಾರ್ಕ್ಸ್. ಬೆರೋವಾ ಅವರು ಆಡಿದ ಊರಿನದೇ! 1950ರಲ್ಲಿ ಪ್ರಶಸ್ತಿ ಪಡೆದ ಸ್ಯಾಮ್ ಜೆತ್ರೊ ಅವರಂತೂ ಮೂವತ್ತು ದಾಟಿದ್ದರು. ಹೊರಗೆ ಪಕ್ವವಾಗಿ ಬಂದವನು ಹೊಸಬನಲ್ಲವೆಂದರೆ ಪ್ರಶಸ್ತಿಯನ್ನು ಅದರ ಮೊದಲ ಒಡೆಯನಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. 2020ರಲ್ಲಿ ಕರಿಯರ ಹಳೆಯ ಲೀಗುಗಳಿಗೂ ದೊಡ್ಡ ಲೀಗುಗಳೆಂಬ ಮಾನ್ಯತೆ ದೊರೆಯಿತು. ತಡವಾಗಿ ಬಂದರೂ ನ್ಯಾಯವಾದ ಮಾನ್ಯತೆಯದು. ಅದರಿಂದಾಗಿ ರಾಬಿನ್ಸನ್ ಅವರ ಪ್ರಶಸ್ತಿಯನ್ನು ಪ್ರಶ್ನಿಸುವಷ್ಟು ಸಣ್ಣತನವನ್ನು ಯಾರೂ ತೋರಲಿಲ್ಲ.

ಇನ್ನು ಮ್ಯಾನೇಜರ್ ಪೆನ್ಯಾ ಅವರ ಕಥೆ. 2003ರ ಗೆಲುವುಗಳ ಕೆಳಗೆ ಒಂದು ಲೆಕ್ಕ ಅಡಗಿತ್ತು. ಆ ಹಂಗಾಮಿನಲ್ಲಿ ರಾಯಲ್ಸ್ ತಂಡವು ತಾನು ಗಳಿಸಿದುದಕ್ಕಿಂತ ಸುಮಾರು 30 ರನ್‌ಗಳನ್ನು ಹೆಚ್ಚಾಗಿ ಎದುರಾಳಿಗಳಿಗೆ ಬಿಟ್ಟುಕೊಟ್ಟಿತ್ತು. ಗೆದ್ದಾಗ ಸ್ವಲ್ಪದರಲ್ಲಿ ಗೆದ್ದು, ಸೋತಾಗ ಹೆಚ್ಚಿನ ಅಂತರದಲ್ಲಿ ಸೋಲುವ ತಂಡದ ಲಕ್ಷಣವದು. ಅಂಥ ಅದೃಷ್ಟ ಎರಡು ವರ್ಷ ನಡೆಯುವುದು ಅಪರೂಪ. ಆಟಗಾರರ ಸಂಬಳಕ್ಕೆ ಯಾಂಕೀಸ್ ತಂಡವು ವೆಚ್ಚ ಮಾಡುತ್ತಿದ್ದ ಹಣದಲ್ಲಿ ಮೂರನೆಯ ಒಂದು ಪಾಲೂ ರಾಯಲ್ಸ್ ತಂಡದಲ್ಲಿರಲಿಲ್ಲ. 2004ರಲ್ಲಿ ಸೋಲುಗಳು ಸಾಲುಗಟ್ಟಿದವು. ಜೂನ್ ತಿಂಗಳಿನಲ್ಲಿ ತಂಡದ ಅತ್ಯುತ್ತಮ ಆಟಗಾರರಾದ ಕಾರ್ಲೋಸ್ ಬೆಲ್ಟ್ರಾನ್ ಅವರನ್ನು ಹ್ಯೂಸ್ಟನ್ ತಂಡಕ್ಕೆ ಬಿಟ್ಟುಕೊಡಲಾಯಿತು. ಆಟಗಾರರ ಮುಖದಲ್ಲಿ ನಗೆ ತರಿಸಲು ಪೆನ್ಯಾ ಅವರು ಒಮ್ಮೆ ಉಡುಪು ಸಹಿತವಾಗಿ ಸ್ನಾನದ ನೀರಿನ ಕೆಳಗೆ ನಿಂತರಂತೆ. ಗೆಲ್ಲುವ ವರ್ಷದಲ್ಲಾಗಿದ್ದರೆ ಅದನ್ನು ಹುರುಪೆಂದು ಹೊಗಳುತ್ತಿದ್ದರು. ಸೋಲುವ ವರ್ಷದಲ್ಲಿ ಅದು ಹುಚ್ಚಾಟವಾಗಿ ಕಂಡಿತು. ತಂಡವು 104 ಪಂದ್ಯಗಳನ್ನು ಸೋತಿತು. ಬೆರೋವಾ ಅವರ ಸರಾಸರಿ ಸಾವಿರಕ್ಕೆ 262ಕ್ಕೆ ಇಳಿಯಿತು. ಹೋಮ್ ರನ್‌ಗಳು ಎಂಟಕ್ಕೆ ನಿಂತವು.

ಆ ಕೆಟ್ಟ ಹಂಗಾಮಿನಲ್ಲಿಯೇ ಇಪ್ಪತ್ತು ವರ್ಷದ ಒಬ್ಬ ಹುಡುಗನು ರಾಯಲ್ಸ್ ಪರವಾಗಿ ಚೆಂಡೆಸೆಯಲು ಇಳಿದನು. ಅವನ ಹೆಸರು ಜ್ಯಾಕ್ ಗ್ರೈಂಕಿ. ಗೆಲುವು ಎಂಟು, ಸೋಲು ಹನ್ನೊಂದು. ಆ ವರ್ಷದ ಹೊಸಬನ ಪ್ರಶಸ್ತಿ ಓಕ್ಲೆಂಡ್ ತಂಡದ ಬಾಬಿ ಕ್ರಾಸ್ಬಿ ಅವರಿಗೆ ಹೋಯಿತು. ಮರುವರ್ಷ ಗ್ರೈಂಕಿಯ ಲೆಕ್ಕದಲ್ಲಿ ಗೆಲುವು ಐದು, ಸೋಲು ಹದಿನೇಳು! 2006ರಲ್ಲಿ ಮನಸ್ಸಿನ ಕಳವಳದಿಂದಾಗಿ ಅವನು ಕೆಲವು ಕಾಲ ಆಟದಿಂದಲೇ ದೂರ ಉಳಿಯಬೇಕಾಯಿತು. ಇವನ ಕಥೆ ಇಷ್ಟೇ ಎಂದು ಆಗ ಯಾರಾದರೂ ತೀರ್ಮಾನಿಸಿದ್ದರೆ ಅವರನ್ನು ದೂರುವುದಕ್ಕೂ ಆಗುತ್ತಿರಲಿಲ್ಲ.

ಪೆನ್ಯಾ ಅವರು ಅಷ್ಟರಲ್ಲಿ ಹೊರಟುಹೋಗಿದ್ದರು. 2005ರ ಮೇ ತಿಂಗಳಿನಲ್ಲಿ ತಂಡವು 33 ಪಂದ್ಯಗಳಲ್ಲಿ ಎಂಟನ್ನು ಮಾತ್ರ ಗೆದ್ದಿದ್ದಾಗ ಅವರು ತಾವಾಗಿಯೇ ರಾಜೀನಾಮೆ ಕೊಟ್ಟರು. ಶ್ರೇಷ್ಠ ಮ್ಯಾನೇಜರನೆಂಬ ಹೊಗಳಿಕೆ ಬಂದು ಆಗ ಎರಡು ವರ್ಷವೂ ಆಗಿರಲಿಲ್ಲ. ಅವರ ಬಳಿಕ ಬೇರೆಯವರ ಕೈಕೆಳಗೆ ಆಡಿದ ತಂಡವು ಆ ವರ್ಷ ಒಟ್ಟು 106 ಪಂದ್ಯಗಳನ್ನು ಸೋತಿತು. ಅದರ ಮುಂದಿನ ವರ್ಷ ಮತ್ತೆ 100. ಮ್ಯಾನೇಜರನನ್ನು ಬದಲಾಯಿಸಿದ ಮಾತ್ರಕ್ಕೆ ಸೋಲು ಮನೆ ಬಿಟ್ಟು ಹೋಗಲಿಲ್ಲ. ಇಲ್ಲದ ಸಾಮಗ್ರಿಯಿಂದ ಅವರು ಒಂದು ವರ್ಷ ಗೆಲುವನ್ನು ತೆಗೆದದ್ದೇ ದೊಡ್ಡದು. ಉಳಿದ ವರ್ಷಗಳ ಸೋಲನ್ನು ಅವರೊಬ್ಬರ ತಲೆಗೆ ಕಟ್ಟಿದ್ದು ಲೆಕ್ಕ ತಿಳಿಯದವರ ಮಾತು.

2009ರ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕುತೂಹಲದ ಕೂಟ ಏರ್ಪಟ್ಟಿತ್ತು. ಯಾಂಕೀಸ್ ತಂಡದಲ್ಲಿ ಮತ್ಸುಯಿ ಇದ್ದರು. ಮ್ಯಾನೇಜರರ ಪಕ್ಕದಲ್ಲಿ ಕುಳಿತು ಸಲಹೆ ಕೊಡುವ ಕೆಲಸದಲ್ಲಿ ಪೆನ್ಯಾ ಇದ್ದರು. ಬದಲಿ ಆಟಗಾರನಾಗಿ ಕೆಲವು ತಿಂಗಳ ಕಾಲ ಬೆರೋವಾ ಕೂಡ ಅದೇ ಉಡುಪು ತೊಟ್ಟಿದ್ದರು. ಬೆರೋವಾ ಅವರಿಗೆ ದೊಡ್ಡ ಲೀಗಿನಲ್ಲಿ ಅದೇ ಕೊನೆಯ ವರ್ಷವಾಯಿತು. ಆ ಶರತ್ಕಾಲದ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಿ ಮತ್ಸುಯಿ ಅವರು ಒಬ್ಬರೇ ಆರು ರನ್‌ಗಳನ್ನು ತಂದು ಸರಣಿಯ ಅತ್ಯುತ್ತಮ ಆಟಗಾರರೆನಿಸಿದರು. ಅದೇ ವರ್ಷ ಕ್ಯಾನ್ಸಸ್ ಸಿಟಿಯಲ್ಲಿ, ಆಗಲೂ ಸೋಲುತ್ತಲೇ ಇದ್ದ ರಾಯಲ್ಸ್ ಪರವಾಗಿ ಚೆಂಡೆಸೆದ ಗ್ರೈಂಕಿ ಅವರಿಗೆ ಲೀಗಿನ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ದೊರೆಯಿತು. 2013ರಲ್ಲಿ ಪೆನ್ಯಾ ಅವರು ತಮ್ಮ ತಾಯ್ನಾಡಾದ ಡೊಮಿನಿಕನ್ ಗಣರಾಜ್ಯದ ತಂಡವನ್ನು ಬೇಸ್‌ಬಾಲಿನ ವಿಶ್ವ ಪಂದ್ಯಾವಳಿಗೆ ಕರೆದೊಯ್ದರು. ಆಡಿದ ಪಂದ್ಯಗಳು ಎಂಟು; ಗೆದ್ದದ್ದೂ ಎಂಟು.