ತಡಕ್ಕೆ ದಂಡವಿರಲಿ, ಅರಿವಿಗೆ ಅಂಕವಿರಲಿ

ಸಂಸೆಯ ಕಡೆಯ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳು ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ಸಂಶೋಧನಾ ವಿಧಾನದ ಪಾಠಕ್ಕಾಗಿ ಊರಿನ ವಿಷಯವೊಂದನ್ನು ಕುರಿತು ಕಿರುಪ್ರಬಂಧ ಒಪ್ಪಿಸಬೇಕಾಗಿತ್ತು. ಆಷಾಢದ ಮಳೆಗೆ ವಾರವಿಡೀ ವಿದ್ಯುತ್ತಿಲ್ಲ, ಬಸ್ಸಿಲ್ಲ. ಪ್ರಬಂಧ ನಾಲ್ಕು ದಿನ ತಡವಾಯಿತು. ಅದಕ್ಕೆ ಸೊನ್ನೆ ಅಂಕ ದೊರೆಯಿತು. "ಬರೆದುದಕ್ಕೆ ಬೆಲೆಯೇ ಇಲ್ಲವೆ, ಗುರುಗಳೇ?" ಎಂದು ಆ ತಾಯಿ ಕೇಳಿದ್ದಾರೆ.

ಇದು ಒಂದು ಮನೆಯ ಅಳಲಲ್ಲ. ಭದ್ರೆ ಉಕ್ಕಿದಾಗ ಹೆಬ್ಬಾಳೆಯ ಸೇತುವೆ ಮುಳುಗಿ ಕಳಸ–ಹೊರನಾಡುಗಳ ನಡುವೆ ಸಂಚಾರ ನಿಂತುಹೋದ ಮಳೆಗಾಲಗಳು ಎಷ್ಟೋ. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳೇ ಜರಿದವು. ಮಳೆ ಕಳೆದರೆ ಅರೇಬಿಕಾ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಕುಯ್ಲು; ಓದುವ ಮಕ್ಕಳೂ ಕಣದ ಕೆಲಸಕ್ಕೆ ಕೈಗೂಡಿಸಬೇಕಾಗುತ್ತದೆ.

ಮೊದಲು ಅಂಕದ ಲೆಕ್ಕವನ್ನು ನೋಡೋಣ. ಈ ಜಿಲ್ಲೆಯ ಪದವಿ ಕಾಲೇಜುಗಳು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯಕ್ಕೆ ಬಂದಾಗ ಪತ್ರಿಕೆಯ 100 ಅಂಕಗಳಲ್ಲಿ ಸಾಮಾನ್ಯವಾಗಿ 40 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿದ್ದವು. 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಅವು 20ಕ್ಕೆ ಇಳಿದವು. ಪರೀಕ್ಷೆಯಲ್ಲಿ 60, ಆಂತರಿಕದಲ್ಲಿ 16 ಪಡೆಯಬಲ್ಲ ವಿದ್ಯಾರ್ಥಿನಿಯ ಒಟ್ಟು 76. ಆ 16 ಸೊನ್ನೆಯಾದರೆ ಉಳಿಯುವುದು 60. ಮುಂದೆ ಅಂಕಪಟ್ಟಿಯನ್ನು ನೋಡುವವರಿಗೆ ಅದು ಅವಳ ಅರಿವಿನ ಕೊರತೆಯಾಗಿ ಕಾಣುತ್ತದೆಯೇ ಹೊರತು ನಾಲ್ಕು ದಿನಗಳ ಮಳೆಯಾಗಿ ಕಾಣುವುದಿಲ್ಲ. ಅಂಕವು ಹೇಳಬೇಕಾದುದನ್ನು ಬಿಟ್ಟು ಬೇರೊಂದನ್ನು ಹೇಳಿದಂತಾಯಿತು.

ಹಾಗೆಂದು ಗಡುವೇ ಬೇಡವೆಂದು ನಾವು ಹೇಳುವುದಿಲ್ಲ. ಅದೇ ಮಳೆಯಲ್ಲಿ ನೆನೆದು ಬಂದು ಹೇಳಿದ ದಿನವೇ ಒಪ್ಪಿಸಿದ ಮಕ್ಕಳೂ ಇರುತ್ತಾರೆ, ಅವರಿಗೆ ಅನ್ಯಾಯವಾಗಬಾರದು. ಅಧ್ಯಾಪಕರೂ ನೂರಾರು ಹಾಳೆ ಓದಿ, ತಿದ್ದಿ, ವಿಶ್ವವಿದ್ಯಾಲಯಕ್ಕೆ ಅಂಕ ಕಳುಹಿಸಬೇಕು. ಕಾಲನಿಷ್ಠೆಯೂ ಕಾಯಕದ ಒಂದು ಅಂಗವೇ. ಪ್ರಶ್ನೆಯಿರುವುದು ದಂಡದ ಪ್ರಮಾಣವನ್ನು ಕುರಿತು.

ಇಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳನ್ನೇ ನೋಡಬಹುದು. 2022ರ ನಿಯಮದಂತೆ ಪಿಎಚ್.ಡಿ. ಪ್ರಬಂಧಕ್ಕೆ ಆರು ವರ್ಷಗಳ ಗಡುವು. ಮರುನೋಂದಣಿಯಿಂದ ಇನ್ನೆರಡು ವರ್ಷ, ಮಹಿಳೆಯರಿಗೂ ಅಂಗವಿಕಲರಿಗೂ ಮತ್ತೆರಡು ವರ್ಷದ ಸಡಿಲಿಕೆಯುಂಟು. ಕೃತಿಚೌರ್ಯವನ್ನು ಕುರಿತ 2018ರ ನಿಯಮವು ಇನ್ನೂ ಗಮನಾರ್ಹ. ಪ್ರಬಂಧದಲ್ಲಿ ಶೇಕಡ 10ರಿಂದ 40ರವರೆಗೆ ಬೇರೆಯವರ ಬರಹದ ಹೋಲಿಕೆ ಕಂಡರೆ, ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಒಪ್ಪಿಸಲು ಅವಕಾಶ. ಶೇಕಡ 60 ಮೀರಿದರೆ ನೋಂದಣಿಯೇ ರದ್ದು. ನಕಲು ಮಾಡಿದವನಿಗೂ ತಪ್ಪಿನ ತೂಕಕ್ಕೆ ತಕ್ಕ ಶಿಕ್ಷೆಯೆಂದ ಮೇಲೆ, ಸ್ವಂತವಾಗಿ ಬರೆದು ನಾಲ್ಕು ದಿನ ತಡಮಾಡಿದ ಹುಡುಗಿಗೆ ಸೊನ್ನೆ ಯಾವ ತಕ್ಕಡಿಯ ತೂಕ?

ಸಂಶೋಧನೆಯೆಂಬುದು ಒಂದೇ ರಾತ್ರಿಯ ಬರವಣಿಗೆಯಲ್ಲ. ಕಳಸದ ಶಾಸನಗಳನ್ನು ಕುರಿತು ಬರೆಯುವ ವಿದ್ಯಾರ್ಥಿ ಮೊದಲು ಬಿ.ಎಲ್. ರೈಸರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟವನ್ನು ತೆರೆಯಬೇಕು. ಬಳಿಕ ಕಲ್ಲಿನ ಬಳಿಗೆ ಹೋಗಿ ಪಾಠವನ್ನು ಹೋಲಿಸಬೇಕು. ಯಾವ ಮಾತು ಯಾರದೆಂದು ಗುರುತಿಸಬೇಕು. ಆದುದರಿಂದ ಅಂಕಗಳೂ ಹಂತಹಂತವಾಗಿ ಬರಲಿ. ಪ್ರಶ್ನೆಗೆ ಇಷ್ಟು, ಆಕರಗಳ ಪಟ್ಟಿಗೆ ಇಷ್ಟು, ಕರಡಿಗೆ ಇಷ್ಟು, ಕೊನೆಯ ಪ್ರತಿಗೆ ಇಷ್ಟು ಎಂದು ಹಂಚಿದರೆ ಮಳೆಯು ಒಂದು ಹಂತವನ್ನು ತಡೆದೀತು, ಎಲ್ಲವನ್ನೂ ಕೊಚ್ಚಿಕೊಂಡು ಹೋಗದು. ತಡವಾದ ದಿನಕ್ಕೆ ಅರ್ಧವೋ ಒಂದೋ ಅಂಕ ಕಳೆಯಲಿ, ಅದಕ್ಕೊಂದು ಮಿತಿಯಿರಲಿ, ನಿಯಮವು ಮೊದಲ ದಿನವೇ ಬರಹದಲ್ಲಿ ಮಕ್ಕಳ ಕೈ ಸೇರಲಿ.

ಇನ್ನು ತಾಯಿತಂದೆಗಳಿಗೆ ಎರಡು ಮಾತು. ಪರಿಚಯದವರನ್ನು ಹಿಡಿದು ಅಂಕ ಕೇಳಲು ಹೋಗಬೇಡಿ; ದುಡಿಯದ ಅಂಕ ನಮ್ಮ ಮನೆಗೆ ಬೇಡ. ಗಡುವು ಕಾಯಲೆಂದು ಅಂಗಡಿಯಲ್ಲಿ ಸಿದ್ಧಪ್ರಬಂಧ ಅಚ್ಚು ಹಾಕಿಸಿ ತರಲೂ ಬೇಡಿ. ಅಡಚಣೆ ಕಂಡೊಡನೆ, ಗಡುವಿಗೆ ಮುಂಚೆಯೇ, ಮಕ್ಕಳು ಅಧ್ಯಾಪಕರಿಗೆ ತಿಳಿಸಿ ಕಾಲಾವಕಾಶ ಬೇಡಲಿ. ಕುಯ್ಲಿನ ದಿನಗಳಲ್ಲಿ ಓದುವ ಮಗುವಿಗೆ ಸಂಜೆಯ ಎರಡು ಗಂಟೆ ಬಿಟ್ಟುಕೊಡುವುದು ಮನೆಯ ಹಿರಿಯರ ಹೊಣೆ.

ಪತ್ರ ಬರೆದ ತಾಯಿಗೆ ನಮ್ಮ ಸಲಹೆಯಿಷ್ಟು: ಮಗಳೇ ಪ್ರಬಂಧದ ಪ್ರತಿಯೊಡನೆ, ತಡವಾದ ಕಾರಣವನ್ನೂ ದಿನಾಂಕಗಳನ್ನೂ ಬರೆದು, ವಿಭಾಗದ ಮುಖ್ಯಸ್ಥರಿಗೆ ವಿನಯದಿಂದ ಮನವಿ ಸಲ್ಲಿಸಲಿ, ಅಲ್ಲಿ ತೀರದಿದ್ದರೆ ಪ್ರಾಚಾರ್ಯರಿಗೆ. ದಂಡವನ್ನು ಮನ್ನಿಸಿರೆಂದಲ್ಲ, ಬರಹವನ್ನೊಮ್ಮೆ ಓದಿ ತೂಗಿರೆಂದು ಕೇಳಲಿ. ಹಾಗೆ ಕೇಳುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.