ಆಟದ ಸಾಮಾನಿಗೂ ಬಿಲ್ ಕೊಡಿ ಸ್ವಾಮಿ

ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ ಅರವತ್ತು ಸಾವಿರದ ಮೊಬೈಲ್ ಬೇಕು ಅನ್ನಿ, ಅಂಗಡಿಯವರು ಕುರ್ಚಿ ಹಾಕಿ ಕೂರಿಸಿ, ಟೀ ತರಿಸಿ, ಇಎಂಐ ಮಾಡಿಕೊಡುತ್ತಾರೆ. ಅದೇ ಅಂಗಡಿಯಲ್ಲಿ ಪ್ಲೇಸ್ಟೇಷನ್ ಗೇಮ್ ಸೀಡಿ ಇದೆಯಾ ಎಂದು ಕೇಳಿ, 'ಅದೆಲ್ಲ ಮೈಸೂರಲ್ಲಿ ನೋಡಿ' ಎನ್ನುತ್ತಾರೆ. ನಮ್ಮ ಪಾಲಿಗೆ ಉಳಿದಿರುವುದು ಜಾತ್ರೆ ಅಂಗಡಿಯ ಟಿವಿ ಗೇಮ್. ಡಬ್ಬದ ಮೇಲೆ '9999 ಇನ್ 1' ಎಂದಿರುತ್ತದೆ. ಮನೆಗೆ ತಂದು ಎಣಿಸಿದರೆ ಅದೇ ಹತ್ತಿಪ್ಪತ್ತು ಆಟ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ.

'ಆಟ ತಾನೇ, ಸಿಗದಿದ್ದರೆ ಯಾರಪ್ಪನ ಗಂಟು ಹೋಗುತ್ತೆ?' ಎಂದು ಕೇಳುವವರಿದ್ದಾರೆ. ಹೋಗುವ ಗಂಟು ನಮ್ಮದೇ. ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 2020ರ ನವೆಂಬರ್ 12ರಂದು ಮಾರಾಟಕ್ಕೆ ಬಂತು. ಇಂಡಿಯಾಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ, ಬೆಲೆ 49,990 ರೂಪಾಯಿ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಗುತ್ತಿಗೆ ಕೆಲಸಗಾರನಿಗೆ ಅದು ಕೆಲವು ತಿಂಗಳ ಸಂಬಳ. ಅಷ್ಟು ದುಡ್ಡು ಕೊಟ್ಟು ತಂದ ಸಾಮಾನು ಮೂರನೇ ವಾರಕ್ಕೆ ಕೆಟ್ಟರೆ ಕೇಳುವುದು ಯಾರನ್ನು? ಬಿಲ್ ಇಲ್ಲದವನು ಯಾರನ್ನೂ ಕೇಳುವಂತಿಲ್ಲ.

ಇನ್ನೊಂದು ಗೊಂದಲವೂ ಇದೆ. ನಮ್ಮ ಕಡೆ 'ಗೇಮ್' ಅಂದ ಕೂಡಲೇ ಮೊಬೈಲ್ ರಮ್ಮಿ, ಸಾಲ, ಮಾರಿದ ಹೊಲ ನೆನಪಾಗುತ್ತವೆ. ಆ ಭಯ ಸುಳ್ಳಲ್ಲ. ಆದರೆ ಕೇಂದ್ರ ಸರ್ಕಾರ 2025ರಲ್ಲಿ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು. ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಆಡುವ ವಿಡಿಯೋ ಗೇಮ್ ಜೂಜಲ್ಲ. ಅದು ಟಿವಿ, ಮಿಕ್ಸಿಯ ಹಾಗೆ ತೆರಿಗೆ ಕಟ್ಟುವ ಸಾಮಾನು. ಕನ್ಸೋಲ್ ಮೇಲಿದ್ದ 28% ಜಿಎಸ್‌ಟಿಯನ್ನು ಕೌನ್ಸಿಲ್ 2018ರ ಡಿಸೆಂಬರ್‌ನಲ್ಲಿ 18%ಕ್ಕೆ ಇಳಿಸಿತು. ತೆರಿಗೆ ಹಾಕುವಾಗ ಲೆಕ್ಕಕ್ಕೆ ಬರುವ ಸಾಮಾನು ಬಿಲ್ ಕೇಳುವಾಗ ಮಾತ್ರ 'ಆಟದ ಸಾಮಾನು' ಆಗುವುದು ಯಾವ ನ್ಯಾಯ?

ಸರಿ, ಬಸ್ ಹತ್ತಿ ಮೈಸೂರಿಗೇ ಹೋಗೋಣ. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟು ಅನ್ನುತ್ತಾರೆ. ನಾವು ಹೋದ ಅಂಗಡಿಗಳಲ್ಲಿ ಕೇಳಿಬಂದ ಮಾತು ಒಂದೇ: 'ಇಂಪೋರ್ಟೆಡ್ ಪೀಸ್, ವಿತೌಟ್ ಬಿಲ್ ಆದರೆ ಕಡಿಮೆ ಮಾಡ್ತೀನಿ.' ಹೊರದೇಶದಿಂದ ತರಿಸಿ ಮಾರುವ ಡಬ್ಬದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳುವ ವಿಳಾಸ ಇರಲೇಬೇಕು ಎನ್ನುತ್ತವೆ 2011ರ ಪೊಟ್ಟಣ ಸಾಮಗ್ರಿ ನಿಯಮಗಳು. ಆ ಚೀಟಿ ಇಲ್ಲದ ಡಬ್ಬಕ್ಕೆ ಅಂಗಡಿಯವರು ಬಾಯಲ್ಲಿ ಹೇಳಿದ್ದೇ ರೇಟು. ಇಂಥ ಮಾಲು ಕೊಂಡವರನ್ನು ಕಳ್ಳಮಾಲಿನ ಗಿರಾಕಿ ಎಂದು ಬೈಯುವ ಮೊದಲು, ಸಾಚಾ ಮಾಲು ನಮ್ಮ ತಾಲ್ಲೂಕಿಗೆ ಯಾಕೆ ಬರಲಿಲ್ಲ ಎಂದು ಕೇಳಿ. ನಿಂಟೆಂಡೊ ಕಂಪನಿ 2017ರ ಮಾರ್ಚ್ 3ರಂದು ಹೊರತಂದ ಸ್ವಿಚ್ ಇಂಡಿಯಾದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ನಮ್ಮ ದೇಶದಲ್ಲಿ ಅದನ್ನು ಆಡಿದವರೆಲ್ಲ ಒಂದಲ್ಲ ಒಂದು ಅಡ್ಡದಾರಿಯಲ್ಲೇ ತರಿಸಿಕೊಂಡವರು.

ಹೊರದೇಶದಲ್ಲಿರುವ ನೆಂಟರು ಕಳಿಸಲಿ ಅಂದರೆ ಅಲ್ಲೂ ಬೇಲಿ. ಮೊದಲು ಐದು ಸಾವಿರ ರೂಪಾಯಿಯೊಳಗಿನ ಉಡುಗೊರೆ ಸುಂಕವಿಲ್ಲದೆ ಬರುತ್ತಿತ್ತು. 2019ರ ಡಿಸೆಂಬರ್ 12ರ ಅಧಿಸೂಚನೆ ಅಂಚೆ, ಕೊರಿಯರ್‌ನಲ್ಲಿ ಉಡುಗೊರೆ ತರಿಸುವುದನ್ನೇ ನಿಷೇಧಿಸಿತು. ಬಿಟ್ಟಿದ್ದು ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ. ಅಕ್ಕ ದುಬೈನಿಂದ ರಾಖಿ ಕಳಿಸಬಹುದು, ಜೊತೆಗೊಂದು ಗೇಮ್ ಸೀಡಿ ಇಟ್ಟರೆ ಪೂರ್ತಿ ಸುಂಕ. ಆದರೆ ವಿಮಾನದಲ್ಲಿ ಬರುವವರಿಗೆ 2016ರ ಬ್ಯಾಗೇಜ್ ನಿಯಮಗಳು 50,000 ರೂಪಾಯಿಯ ಸಾಮಾನಿಗೆ ವಿನಾಯಿತಿ ಕೊಟ್ಟವು. ಅಂದರೆ ಮನೆಯಲ್ಲಿ ವಿಮಾನ ಹತ್ತುವವರಿದ್ದರೆ ಸಲೀಸು, ಇಲ್ಲದವರಿಗೆ ಸುಂಕ.

ಬಂದ ಮೇಲೂ ಗಡಿ ಮುಗಿಯುವುದಿಲ್ಲ. ಹೊರಗಿನ ಪ್ಲೇಸ್ಟೇಷನ್ 5 ಸೀಡಿ ಇಲ್ಲಿ ಓಡುತ್ತದೆ. ಆದರೆ ಆ ಆಟದ ಹೆಚ್ಚುವರಿ ಭಾಗವನ್ನು ಇಂಡಿಯಾ ಅಕೌಂಟಿನಲ್ಲಿ ಕೊಂಡರೆ ಹಲವು ಸಲ ಕೂಡಿಕೊಳ್ಳುವುದಿಲ್ಲ. ಅಮೆರಿಕದ ಗಿಫ್ಟ್ ಕಾರ್ಡ್ ಇಲ್ಲಿಯ ಅಕೌಂಟಿಗೆ ಹಿಡಿಯುವುದಿಲ್ಲ. ಹೀಗೆಂದು ಕೌಂಟರಿನಲ್ಲಿ ನಮಗೆ ಯಾರೂ ಮೊದಲೇ ಹೇಳಲಿಲ್ಲ.

'ಸೀಡಿ ಯಾಕೆ, ಡೌನ್‌ಲೋಡ್ ಮಾಡಿ' ಎನ್ನುವ ಪೇಟೆಯವರಿಗೊಂದು ಲೆಕ್ಕ. 2018ರ 'ರೆಡ್ ಡೆಡ್ ರಿಡೆಂಪ್ಷನ್ 2' ಪ್ಲೇಸ್ಟೇಷನ್ 4ಕ್ಕೆ ಎರಡು ಸೀಡಿಯಲ್ಲಿ ಬಂತು, 100 ಜಿಬಿಗೂ ಹೆಚ್ಚು. ದಿನಕ್ಕೆ 2 ಜಿಬಿಯ ರೀಚಾರ್ಜ್‌ನಲ್ಲಿ ಒಂದೇ ಆಟ ಇಳಿಸಲು 50 ದಿನ ದಾಟುತ್ತದೆ. ಇನ್ನೂ ದೊಡ್ಡ ಮಾತೆಂದರೆ, ಸೀಡಿಯನ್ನು ಆಡಿ ಮುಗಿಸಿ ಪಕ್ಕದ ಬೀದಿಯವನಿಗೆ ಅರ್ಧ ರೇಟಿಗೆ ಮಾರಬಹುದು, ಬದಲಿಸಿಕೊಳ್ಳಬಹುದು. ಇಳಿಸಿಕೊಂಡ ಆಟವನ್ನು ಮಾರುವಂತಿಲ್ಲ. ಕೈಯಲ್ಲಿ ಕಾಸು ಕಡಿಮೆ ಇರುವವರಿಗೆ ಸೀಡಿಯೇ ದಾರಿ.

ಪ್ರತಿ ತಾಲ್ಲೂಕಿಗೊಂದು ಗೇಮ್ ಶೋರೂಮ್ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಮೊಬೈಲ್ ಅಂಗಡಿಯವರ ಮೇಲೂ ಸಿಟ್ಟಿಲ್ಲ. ಹೋಗದ ಮಾಲು ತಂದಿಟ್ಟು ಬಡ್ಡಿ ಕಟ್ಟುವವರು ಅವರೇ. ನಾವು ಕೇಳುವುದು ಇರುವ ಕಾನೂನನ್ನು. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅದು ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದೂ ಅಷ್ಟೇ. ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವಿರುವ ಜಿಲ್ಲೆಯಲ್ಲೇ, ಅಂದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಸಹಾಯವಾಣಿ ಸಂಖ್ಯೆ 1915.

ಮಳಿಗೆಗಳ ಡಬ್ಬ ತಿರುಗಿಸಿ ನೋಡಬೇಕಾದವರು ಕಾನೂನು ಮಾಪನಶಾಸ್ತ್ರ ಇಲಾಖೆಯವರು. ತರಕಾರಿಯವರ ತಕ್ಕಡಿಗೆ ಮುದ್ರೆ ಹಾಕುವ ಅದೇ ಇಲಾಖೆ. ಅರ್ಧ ಕೆಜಿ ಬೀನ್ಸಿನಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಹಿಡಿಯುವವರು ಐವತ್ತು ಸಾವಿರದ ಡಬ್ಬವನ್ನೂ ಒಮ್ಮೆ ತಿರುಗಿಸಿ ನೋಡಲಿ. ಅಲ್ಲಿಯವರೆಗೆ ನೀವೇ ತಿರುಗಿಸಿ ನೋಡಿ. ಚೀಟಿ ಇಲ್ಲದಿದ್ದರೆ, ಬಿಲ್ ಇಲ್ಲ ಎಂದರೆ, ಡಬ್ಬ ಅಲ್ಲೇ ಇಟ್ಟು ಬನ್ನಿ.